ಮೋಟಾರಿನ ಹೊಗೆಕೊಳವೆಗೆ ಪಿಂಗಾಣಿಯ ಲೇಪ

ಹಿತ್ತಾಳೆಯ ಪಾತ್ರೆಗೆ ಕಲಾಯಿ ಮಾಡಿಸದೆ ಅದರಲ್ಲಿ ಹುಳಿ ಕುದಿಸುವ ಗೃಹಿಣಿಯರು ನಮ್ಮಲ್ಲಿ ಯಾರೂ ಇರಲಾರರು. ಕಲಾಯಿಯವನು ಪಾತ್ರೆಯನ್ನು ಚೆನ್ನಾಗಿ ಉಜ್ಜಿ, ಕೆಂಡದ ಮೇಲಿಟ್ಟು ಕಾಯಿಸಿ, ನವಸಾಗರವನ್ನೆರಚಿ, ತವರವನ್ನು ಸವರಿ, ಹತ್ತಿಯಿಂದ ಒರಸಿದನೆಂದರೆ ಪಾತ್ರೆಯ ಒಳಮೈಯೆಲ್ಲವೂ ಬೆಳ್ಳಿಯಂತೆ ಹೊಳೆಯುವುದು. ಒಂದು ಲೋಹವನ್ನು ಮತ್ತೊಂದು ಪದಾರ್ಥದ ತೆಳುಪದರದಿಂದ ಕಾಪಾಡುವ ಈ ವಿದ್ಯೆಯು ನಮ್ಮ ಮನೆಗಳಿಗೆ ಹೊಸದಲ್ಲ. ಅದೇ ವಿದ್ಯೆಯನ್ನು ಮನೆಯ ಮುಂದೆ ನಿಂತಿರುವ ಮೋಟಾರು ಕಾರಿನ ಹೊಗೆಕೊಳವೆಗೆ ಅನ್ವಯಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇನೆ. ಆದರೆ ತವರವು ೨೩೨ ಡಿಗ್ರಿ ಸೆಂಟಿಗ್ರೇಡಿಗೇ ಕರಗಿಹೋಗುವುದು. ಹೊಗೆಕೊಳವೆಯ ಕಾವಾದರೋ ಅದಕ್ಕಿಂತಲೂ ಬಹಳ ಹೆಚ್ಚು. ಆದುದರಿಂದ ಇಲ್ಲಿ ತವರದ ಕಲಾಯಿ ಸಲ್ಲದು. ಬೆಂಕಿಯನ್ನು ಸಹಿಸಬಲ್ಲ ಪಿಂಗಾಣಿಯ ಜಾತಿಯ ಲೇಪವೇ ಬೇಕು.

ನಾನು ಈ ವಿಷಯಕ್ಕೆ ಕೈಹಾಕಿದ ಕಾರಣವನ್ನು ಮೊದಲು ಹೇಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಹಳೆಯ ಪೆಟ್ರೋಲ್ ಕಾರೊಂದಿದೆ. ಅದರ ಬೀಡುಕಬ್ಬಿಣದ ಹೊಗೆಕೊಳವೆಯು ಬಿರುಕು ಬಿಟ್ಟಾಗ ತಂದೆಯವರು ಅದರ ಬದಲು ಉಕ್ಕಿನ ನಾಲ್ಕು ಕೊಳವೆಗಳನ್ನು ಒಂದುಗೂಡಿಸಿದ ಜೋಡಣೆಯೊಂದನ್ನು ಹಾಕಿಸಿದ್ದರು. ಕಸುಬಿನವರು ಇದನ್ನು ‘ಹೆಡರ್’ ಎಂದು ಕರೆಯುತ್ತಾರೆ. ಒಂದು ವೈಶಾಖಮಾಸದ ಮಧ್ಯಾಹ್ನ ತಾಯಿಯವರನ್ನು ಚಾಮುಂಡಿಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿರುವಾಗ ಅರ್ಧದಾರಿಯಲ್ಲಿ ಕಾರು ನಿಂತುಹೋಯಿತು. ಮುಚ್ಚಳವನ್ನೆತ್ತಿ ನೋಡಿದರೆ ಒಲೆಯ ಬಾಯಿಯಿಂದ ಬರುವಂತಹ ಝಳ! ಕೊಳವೆಗಳ ಮೇಲೆ ತುಕ್ಕು ಹಪ್ಪಳದಂತೆ ಎದ್ದಿತ್ತು. ಅದರ ಮೇಲ್ಗಡೆಯೇ ಇರುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕಾವಿಗೆ ಕುದಿದು ಆವಿಯಾಗಿ ಎಂಜಿನ್ನು ಉಸಿರುಗಟ್ಟಿತ್ತು. ಒದ್ದೆ ಬಟ್ಟೆ ಹಾಕಿ, ಮುಕ್ಕಾಲು ಗಂಟೆ ಕಾದು, ಹಿಂದಿರುಗಿ ಬಂದೆವು. ವೃದ್ಧರಾದ ತಾಯಿಯವರು ಆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕುಳಿತಿದ್ದುದನ್ನು ನೋಡಿ, ಇದಕ್ಕೊಂದು ಪರಿಹಾರವನ್ನು ಕಾಣಲೇಬೇಕೆಂದು ನಿಶ್ಚಯಿಸಿದೆನು.

ಕೊಳವೆಯ ಕೆಲಸವೂ ಅದರ ಕಾವೂ

ಎಂಜಿನ್ನಿನೊಳಗೆ ಉರಿದ ಪೆಟ್ರೋಲಿನ ಹೊಗೆಯು ಮೊಟ್ಟಮೊದಲು ನುಗ್ಗುವುದು ಈ ಕೊಳವೆಗಳಿಗೆ. ಏರಿನಲ್ಲಿ ಭಾರವನ್ನೆಳೆಯುವಾಗ ಆ ಹೊಗೆಯ ಕಾವು ೭೦೦–೮೦೦ ಡಿಗ್ರಿಯನ್ನು ಮುಟ್ಟುವುದು ಸಾಮಾನ್ಯ. ಕತ್ತಲೆಯಲ್ಲಿ ಕೊಳವೆಯು ಮಂಕಾಗಿ ಕೆಂಪೇರಿದಂತೆ ಕಂಡರೆ ಅದರ ಮೈಯ ಕಾವು ೫೦೦ ಡಿಗ್ರಿಯನ್ನು ದಾಟಿದೆಯೆಂದು ತಿಳಿಯಬಹುದು. ಇಷ್ಟು ಕಾವಿನಲ್ಲಿ ಉಕ್ಕು ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿ ಪದರಪದರವಾಗಿ ಕಿಟ್ಟ ಕಟ್ಟುವುದು. ಎಂಜಿನ್ನು ತಣ್ಣಗಾದಾಗ ಮಳೆಯ ನೀರು, ಇಬ್ಬನಿ ತಗುಲಿ ತುಕ್ಕು ಹಿಡಿಯುವುದು. ಹೀಗೆ ಹಗಲು ಬೆಂಕಿಗೂ ಇರುಳು ನೀರಿಗೂ ಸಿಕ್ಕಿದ ಕೊಳವೆಯು ಕೆಲವು ವರ್ಷಗಳಲ್ಲಿ ತೂತು ಬೀಳುವುದರಲ್ಲಿ ಆಶ್ಚರ್ಯವೇನಿದೆ?

ಸಾಮಾನ್ಯವಾದ ಬಣ್ಣವನ್ನು ಇದಕ್ಕೆ ಬಳಿದರೆ ಪ್ರಯೋಜನವಿಲ್ಲ. ಅಂತಹ ಬಣ್ಣವನ್ನು ಹಿಡಿದಿಡುವ ಎಣ್ಣೆ, ರಾಳ ಮುಂತಾದುವು ಸುಮಾರು ೨೦೦ ಡಿಗ್ರಿಯ ಆಸುಪಾಸಿನಲ್ಲಿಯೇ ಕಂದಿ, ಸುಟ್ಟು ಉದುರಿಹೋಗುವುವು. ನಿಜವಾದ ಪಿಂಗಾಣಿಯ ಮೆರುಗನ್ನು ಕೊಡುವುದೂ ಉಂಟು. ಅಡಿಗೆಮನೆಯ ಎನಾಮಲ್ ತಟ್ಟೆಗಳ ಮೇಲಿರುವಂತಹುದೇ ಅದು. ಇಂಗ್ಲೆಂಡಿನ ಜಾಗ್ವಾರ್ ಕಾರುಗಳಲ್ಲಿ ಹಿಂದೆ ಬೀಡುಕಬ್ಬಿಣದ ಹೊಗೆಕೊಳವೆಗಳಿಗೆ ಕಪ್ಪು ಎನಾಮಲ್ ಹಾಕುತ್ತಿದ್ದರು. ಆದರೆ ಗಾಜಿನ ಪುಡಿಯನ್ನು ಲೋಹದ ಮೇಲೆ ಕರಗಿಸಿ ಹಿಡಿಸಬೇಕಾದರೆ ಸುಮಾರು ೮೦೦ ಡಿಗ್ರಿಯ ಕುಲುಮೆ ಬೇಕು. ಅದು ಕಾರ್ಖಾನೆಯ ಕೆಲಸ; ಗೃಹಸ್ಥನ ಅಂಗಳದ ಕೆಲಸವಲ್ಲ.

ಈ ಎರಡರ ನಡುವಣ ದಾರಿಯೊಂದುಂಟು. ಅದು ಸಿಲಿಕೋನ್ ರಾಳದ ಲೇಪ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಅಧ್ಯಾಪಕರಾಗಿದ್ದ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ವರ್ಗದ ಪದಾರ್ಥಗಳನ್ನು ಬಹುಕಾಲ ಪರಿಶೋಧಿಸಿದರು. ೧೯೪೩ರಲ್ಲಿ ಅಮೆರಿಕದಲ್ಲಿ ಇವುಗಳ ತಯಾರಿಕೆಗೆಂದೇ ಡೌ ಕಾರ್ನಿಂಗ್ ಎಂಬ ಕಂಪನಿ ಸ್ಥಾಪಿತವಾಯಿತು. ಈ ರಾಳದ ಬೆನ್ನೆಲುಬು ಮರಳಿನಲ್ಲಿರುವ ಸಿಲಿಕಾನ್ ಮತ್ತು ಆಮ್ಲಜನಕಗಳ ಸರಪಳಿ. ಅದಕ್ಕೆ ಇಂಗಾಲದ ಗುಂಪುಗಳು ರೆಂಬೆಗಳಂತೆ ಅಂಟಿಕೊಂಡಿರುತ್ತವೆ. ಲೇಪವನ್ನು ಕಾಯಿಸುತ್ತ ಹೋದಂತೆ ರೆಂಬೆಗಳು ಸುಟ್ಟುಹೋಗಿ, ಮರಳಿನ ಬೆನ್ನೆಲುಬು ಮಾತ್ರ ಗಟ್ಟಿಯಾದ ಜಾಲದಂತೆ ಉಳಿದು, ತನ್ನೊಳಗಿರುವ ಅಲ್ಯೂಮಿನಿಯಂ ಪುಡಿಯನ್ನಾಗಲಿ ಲೋಹದ ಭಸ್ಮಗಳನ್ನಾಗಲಿ ಹಿಡಿದುಕೊಂಡು ಉಕ್ಕಿಗೆ ಅಂಟಿಕೊಳ್ಳುವುದು. ಹಸಿ ಮಡಕೆಯು ಆವಿಗೆಯಲ್ಲಿ ಬೆಂದು ಗಟ್ಟಿಯಾಗುವಂತೆ ಈ ಲೇಪವೂ ಕಾವಿನಲ್ಲಿಯೇ ಪಕ್ವವಾಗಬೇಕು. ಬೇಯದ ಲೇಪವು ಬೇಯದ ಮಡಕೆಯಂತೆಯೇ ನಿಷ್ಪ್ರಯೋಜಕ. ಅಂಗಡಿಯಲ್ಲಿ ‘ಸೆರಾಮಿಕ್ ಲೇಪ’ವೆಂದು ಮಾರುವ ಸ್ಪ್ರೇ ಡಬ್ಬಿಗಳಲ್ಲಿ ಬಹುಪಾಲು ಈ ಜಾತಿಯವೇ.

ಮೊದಲ ಪ್ರಯತ್ನವು ಕೆಟ್ಟ ಬಗೆ

ಅಂತಹ ಡಬ್ಬಿಯೊಂದನ್ನು ತಂದು, ಆಷಾಢದ ಒಂದು ರಜಾದಿನ ಕೆಲಸಕ್ಕೆ ತೊಡಗಿದೆನು. ಕೊಳವೆಗಳನ್ನು ಬಿಚ್ಚಿ, ತಂತಿಯ ಬ್ರಷ್ಷಿನಿಂದ ತುಕ್ಕನ್ನು ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಡಬ್ಬಿ ಬರಿದಾಗುವವರೆಗೆ ದಪ್ಪವಾಗಿ ಲೇಪಿಸಿದೆನು. ನೋಡುವುದಕ್ಕೆ ಬಹು ಸೊಗಸಾಗಿತ್ತು. ಸಂಜೆಗೆ ಕೊಳವೆಗಳನ್ನು ಜೋಡಿಸಿ ಎಂಜಿನ್ನನ್ನು ಓಡಿಸಿಯೂ ಬಿಟ್ಟೆನು. ಮೂರು ವಾರಗಳಲ್ಲಿ ಲೇಪವೆಲ್ಲವೂ ಬೊಬ್ಬೆಯೆದ್ದು, ಸಿಪ್ಪೆಸಿಪ್ಪೆಯಾಗಿ ಉದುರಿಹೋಯಿತು. ಆ ಸಂಜೆ ನಡೆದ ಇನ್ನೊಂದು ಸಂಗತಿಯನ್ನು ಮುಂದೆ ಹೇಳುವೆನು. ಅದರ ಮುಂದೆ ಈ ನಷ್ಟ ಏನೇನೂ ಅಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಮಿಸ್ತ್ರಿ ಸಾಬರೊಬ್ಬರಿದ್ದಾರೆ. ನಲವತ್ತು ವರ್ಷಗಳಿಂದ ಮೋಟಾರು ರಿಪೇರಿ ಮಾಡಿ ಕೈಪಳಗಿದವರು. ಉದುರಿದ ಸಿಪ್ಪೆಯೊಂದನ್ನು ಅವರಿಗೆ ತೋರಿಸಿದಾಗ, ಅದರ ಹಿಂಬದಿಯನ್ನು ಬೆರಳಿನಿಂದ ಸವರಿ, “ಸ್ವಾಮಿ, ಕಲಾಯಿ ಹಾಕುವವನು ಪಾತ್ರೆಗೆ ಎಣ್ಣೆ ಸವರಿ ಆಮೇಲೆ ತವರ ಹಾಕುತ್ತಾನೆಯೇ?” ಎಂದು ಕೇಳಿದರು. ನನಗೆ ಉತ್ತರ ತೋರಲಿಲ್ಲ. ಸೀಮೆಎಣ್ಣೆಯು ಕೊಳೆಯನ್ನು ತೆಗೆಯುವುದು ನಿಜ; ಆದರೆ ತಾನೇ ಜಿಡ್ಡಿನ ತೆಳುಪೊರೆಯನ್ನು ಬಿಟ್ಟುಹೋಗುವುದು. ಆ ಪೊರೆಯ ಮೇಲೆ ನಿಂತ ಲೇಪಕ್ಕೆ ಬೇರಿಲ್ಲ. ಎರಡನೆಯ ಬಾರಿ ಅವರ ಮಾತಿನಂತೆ ನಡೆದು ಕಲಿತುದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕೊಳವೆಯನ್ನು ಅಣಿಮಾಡುವುದು

ಈ ಕೆಲಸದಲ್ಲಿ ಹತ್ತರಲ್ಲಿ ಎಂಟು ಪಾಲು ಶುಚಿಮಾಡುವುದೇ ಆಗಿದೆ. ಮೊದಲು ಬ್ಯಾಟರಿಯ ತಂತಿಯನ್ನು ತೆಗೆದಿಟ್ಟು, ಎಂಜಿನ್ನು ಸಂಪೂರ್ಣವಾಗಿ ತಣಿದ ಮೇಲೆಯೇ ಕೊಳವೆಗಳನ್ನು ಬಿಚ್ಚತಕ್ಕದ್ದು. ತುಕ್ಕು ಹಿಡಿದ ನಟ್ಟುಗಳನ್ನು ಬಲಾತ್ಕಾರವಾಗಿ ತಿರುಗಿಸಿದರೆ ಸ್ಟಡ್ಡು ಮುರಿದು ಹೆಚ್ಚಿನ ಕೆಲಸ ತಗುಲುವುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟಿರಬೇಕು. ಕೊಳವೆಗೂ ಎಂಜಿನ್ನಿಗೂ ನಡುವೆ ಇರುವ ಪ್ಯಾಕಿಂಗು ಹಳೆಯ ಕಾರುಗಳಲ್ಲಿ ಕಲ್ನಾರಿನಿಂದ ಮಾಡಿದ್ದಿರಬಹುದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ. ಆದಕಾರಣ ಅದನ್ನು ಒಣಗಿದಂತೆಯೇ ಕೆರೆಯಕೂಡದು. ನೀರಿನಿಂದ ಚೆನ್ನಾಗಿ ನೆನೆಸಿ ಎಬ್ಬಿಸಿ, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡತಕ್ಕದ್ದು.

ಬಿಚ್ಚಿದ ಕೊಳವೆಯನ್ನು ಜಿಡ್ಡು ಬಿಡಿಸುವ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಬೇಕು. ಆ ಮೇಲೆ ತುಕ್ಕನ್ನೂ ಹಳೆಯ ಬಣ್ಣವನ್ನೂ ಬೂದುಬಣ್ಣದ ಬರಿಯ ಉಕ್ಕು ಕಾಣುವವರೆಗೆ ತೆಗೆಯಬೇಕು. ಗಾಳಿಯ ಒತ್ತಡದಿಂದ ಕಣಗಳನ್ನು ಸಿಡಿಸಿ ಶುಚಿಮಾಡುವ ಕಾರ್ಯಾಗಾರಗಳಿವೆ. ಅಲ್ಲಿ ಮಾಡಿಸಿದರೆ ಎಲ್ಲಕ್ಕಿಂತ ಉತ್ತಮ. ಏಕೆಂದರೆ ಲೇಪಕ್ಕೆ ಹಿಡಿತ ಸಿಕ್ಕುವಂತಹ ಒರಟು ಮೈ ಅದರಿಂದಲೇ ಬರುವುದು. ಆದರೆ ಮನೆಯಲ್ಲಿ ಹೊಳೆಯ ಮರಳನ್ನು ಹಾಕಿ ಈ ಕೆಲಸವನ್ನು ಮಾಡುವ ಸಾಹಸ ಸಲ್ಲದು. ಒಡೆದ ಮರಳಿನ ನುಣುಪಾದ ಧೂಳು ಶ್ವಾಸಕೋಶದಲ್ಲಿ ಸೇರಿದರೆ ಹೊರಬಾರದು. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಅಲ್ಲಿ ಕಲ್ಲು ಕೊರೆದವರಿಗೆ ಈ ಧೂಳು ತಂದ ಸಿಲಿಕೋಸಿಸ್ ರೋಗದ ನೆನಪು ಆ ಸೀಮೆಯ ಮನೆಗಳಲ್ಲಿ ಇನ್ನೂ ಇದೆ. ಕಾರ್ಯಾಗಾರದ ಸೌಕರ್ಯವಿಲ್ಲದವರು ತಂತಿಯ ಬ್ರಷ್ಷಿನಿಂದ ಉಜ್ಜಿ, ಬಳಿಕ ಒರಟು ಉಪ್ಪುಕಾಗದದಿಂದ ಅಡ್ಡಡ್ಡಲಾಗಿ ತಿಕ್ಕಿ ಮೈಯನ್ನು ಒರಟುಮಾಡಿಕೊಳ್ಳಬಹುದು. ಆಗಲೂ ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖವಾಡ ಬೇಕೇಬೇಕು.

ಕೊನೆಯದಾಗಿ ಅಸಿಟೋನಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಒರಸಬೇಕು. ಹೆಣ್ಣುಮಕ್ಕಳು ಉಗುರಿನ ಬಣ್ಣವನ್ನು ತೆಗೆಯಲು ಉಪಯೋಗಿಸುವ ದ್ರವದಲ್ಲಿರುವುದು ಸಾಮಾನ್ಯವಾಗಿ ಇದೇ. ಬಟ್ಟೆ ಬಿಳುಪಾಗಿಯೇ ಉಳಿಯುವವರೆಗೆ ಹೊಸ ಹೊಸ ಬಟ್ಟೆಯಿಂದ ಒರಸುತ್ತಿರಬೇಕು. ಬ್ರೇಕು ತೊಳೆಯುವ ಕೆಲವು ದ್ರವಗಳಲ್ಲಿ ಕ್ಲೋರಿನ್ನಿನ ಅಂಶವಿರುವುದರಿಂದ ಅವನ್ನು ಇಲ್ಲಿ ಬಳಸಬಾರದು. ಅವುಗಳ ಶೇಷವು ಹೆಚ್ಚು ಕಾವಿಗೆ ಸಿಕ್ಕಿದರೆ ವಿಷವಾಯು ಹುಟ್ಟುವ ಭಯವಿದೆ. ಶುಚಿಯಾಯಿತೇ ಇಲ್ಲವೇ ಎಂಬುದಕ್ಕೆ ಸಾಬರು ಹೇಳಿಕೊಟ್ಟ ಪರೀಕ್ಷೆ ಬಲು ಸುಲಭ. ಕೊಳವೆಯ ಮೇಲೆ ಸ್ವಲ್ಪ ನೀರು ಬಿಡಬೇಕು. ನೀರು ಒಡೆಯದೆ ತೆರೆಯಂತೆ ಹರಡಿದರೆ ಜಿಡ್ಡಿಲ್ಲ. ತಾವರೆಯೆಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ. ಪರೀಕ್ಷೆಯಾದ ಕೂಡಲೇ ಕೊಳವೆಯನ್ನು ಬಿಸಿಮಾಡಿ ಒಣಗಿಸಿ, ಮತ್ತೊಮ್ಮೆ ಅಸಿಟೋನಿನಿಂದ ಒರಸಿ, ಅಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟದೆ ಕೈಚೀಲವನ್ನು ಧರಿಸಿಯೇ ಹಿಡಿಯಬೇಕು. ಬೆರಳಿನ ಗುರುತೊಂದೇ ಸಾಕು, ಅಲ್ಲಿ ಲೇಪ ಏಳುವುದಕ್ಕೆ. ಬರಿಯ ಉಕ್ಕು ಮಳೆಗಾಲದ ಗಾಳಿಯಲ್ಲಿ ಕೆಲವು ಗಂಟೆಗಳಲ್ಲಿಯೇ ತುಕ್ಕು ಹಿಡಿಯುವುದಾದ್ದರಿಂದ ಶುಚಿಮಾಡಿದ ದಿನವೇ ಲೇಪಿಸುವುದೂ, ಫಾಲ್ಗುಣ ಚೈತ್ರಗಳ ಒಣಹವೆಯಲ್ಲಿ ಈ ಕೆಲಸವನ್ನಿಟ್ಟುಕೊಳ್ಳುವುದೂ ಜಾಣತನ.

ಲೇಪಿಸುವುದು

ಎಂಜಿನ್ನಿಗೆ ಕೂಡುವ ಮುಖಗಳಿಗೂ ಬೋಲ್ಟಿನ ರಂಧ್ರಗಳಿಗೂ ಕಾಗದದ ಪಟ್ಟಿಯನ್ನಂಟಿಸಿ ಮುಚ್ಚಬೇಕು. ಅಲ್ಲಿ ಲೇಪ ಬಿದ್ದರೆ ಹೊಗೆ ಸೋರುವುದು. ಕೊಳವೆಗಳನ್ನು ತಂತಿಯಿಂದ ತೂಗುಹಾಕಿ, ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ, ಸುಮಾರು ೨೫–೩೦ ಸೆಂಟಿಮೀಟರು ದೂರದಿಂದ ಕೈಯನ್ನು ನಿಲ್ಲಿಸದೆ ಬೀಸುತ್ತ ಸಿಂಪಡಿಸಬೇಕು. ಮೊದಲ ಸಲ ಉಕ್ಕು ಇನ್ನೂ ಕಾಣುತ್ತಿರುವಷ್ಟು ತೆಳುವಾಗಿರಲಿ. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷ ಬಿಟ್ಟು ಮೂರನೆಯದು, ಇಷ್ಟು ಸಾಕು. ಎಲ್ಲ ಸೇರಿ ಒಂದು ತಲೆಗೂದಲಿನ ದಪ್ಪಕ್ಕೆ ಮೀರಬಾರದು. ಕೊಳವೆಗಳ ಸಂದಿಗಳನ್ನು ಮೊದಲು ಮುಗಿಸಿ, ಬಯಲು ಮೈಯನ್ನು ಆ ಮೇಲೆ ಮಾಡಿದರೆ ಎಲ್ಲಿಯೂ ಮಡುಗಟ್ಟುವುದಿಲ್ಲ.

ದಪ್ಪವಾದಷ್ಟೂ ಗಟ್ಟಿಯೆಂದು ಭಾವಿಸುವುದು ಸಹಜ. ನಾನೂ ಹಾಗೆಯೇ ಭಾವಿಸಿದ್ದೆನು. ಆದರೆ ಲೆಕ್ಕ ಮಾಡಿ ನೋಡಿರಿ. ಅರ್ಧ ಮೀಟರು ಉದ್ದದ ಉಕ್ಕಿನ ಕೊಳವೆಯ ಕಾವು ೫೦೦ ಡಿಗ್ರಿ ಏರಿದರೆ ಅದು ಸುಮಾರು ೩ ಮಿಲಿಮೀಟರು ಉದ್ದವಾಗುವುದು. ತಣಿದಾಗ ಮತ್ತೆ ಮೊದಲಿನಷ್ಟಾಗುವುದು. ತೆಳುವಾದ ಪದರ ಈ ಎಳೆತವನ್ನು ಸಹಿಸಿಕೊಂಡು ಅಂಟಿಕೊಂಡಿರುವುದು. ದಪ್ಪಪದರವು ಗೋಡೆಯ ಗಾರೆಯಂತೆ ಬಿರಿಯುವುದು. ಅದೂ ಅಲ್ಲದೆ ದಪ್ಪಪದರದ ಒಳಗಿನ ದ್ರವ ಹೊರಹೋಗಲಾರದೆ ಕಾವಿಗೆ ಕುದಿದು ಬೊಬ್ಬೆಯೇಳುವುದು.

ಡಬ್ಬಿಯೊಳಗಿನ ಒತ್ತಡದ ಅನಿಲವೂ ದ್ರವವೂ ಬೇಗ ಹೊತ್ತಿಕೊಳ್ಳುವಂತಹವು. ಹತ್ತಿರದಲ್ಲಿ ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಇರಕೂಡದು. ಕೆಲಸವು ಬಯಲಿನಲ್ಲಿಯೇ ನಡೆಯತಕ್ಕದ್ದು. ಮೂಗಿಗೆ ಕಟ್ಟುವ ಬಟ್ಟೆಯು ಈ ಆವಿಯನ್ನು ತಡೆಯಲಾರದು. ಆವಿಯನ್ನು ಹೀರುವ ಇಂಗಾಲದ ಡಬ್ಬಿಯುಳ್ಳ ಮುಖವಾಡವನ್ನೇ ಧರಿಸಬೇಕು. ಮಕ್ಕಳನ್ನು ದೂರವಿಡಬೇಕು.

ಕಾಯಿಸಿ ಪಕ್ವಮಾಡುವುದು

ಲೇಪವು ಒಣಗಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಬೇಕು. ಡಬ್ಬಿಯ ಮೇಲೆ ಅಚ್ಚುಮಾಡಿರುವ ಕ್ರಮವೇ ಪ್ರಮಾಣ. ಒಂದು ಬಗೆಯ ಲೇಪಕ್ಕೆ ಹೇಳಿರುವ ಕ್ರಮ ಹೀಗಿದೆ: ೧೨೦ ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಅರ್ಧ ಗಂಟೆ ತಣಿಸುವುದು, ೨೦೦ ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಮತ್ತೆ ತಣಿಸುವುದು, ಕೊನೆಗೆ ೩೧೫ ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವುದು. ಇದಕ್ಕೆ ಅಡಿಗೆಮನೆಯ ಓವನ್ನನ್ನು ಎಂದಿಗೂ ಉಪಯೋಗಿಸಕೂಡದು. ಮೊದಲ ಕಾವಿನಲ್ಲಿ ಹೊರಡುವ ಹೊಗೆ ಅನ್ನ ಬೇಯುವ ಜಾಗಕ್ಕೆ ತಕ್ಕುದಲ್ಲ. ಬೇರೆ ಓವನ್ನಿಲ್ಲದವರು ಕೊಳವೆಗಳನ್ನು ಕಾರಿಗೆ ಜೋಡಿಸಿ ಎಂಜಿನ್ನಿನ ಕಾವಿನಿಂದಲೇ ಪಕ್ವಮಾಡಬಹುದು. ಮೊದಲು ಹತ್ತು ನಿಮಿಷ ನಿಧಾನವಾಗಿ ಓಡಿಸಿ ತಣಿಸಿ, ಆ ಮೇಲೆ ಇಪ್ಪತ್ತು ನಿಮಿಷ ಓಡಿಸಿ ತಣಿಸಿ, ಕೊನೆಗೆ ಅರ್ಧ ಗಂಟೆ ಓಡಿಸುವುದು. ಆಗ ಹೊಗೆಯೂ ವಾಸನೆಯೂ ಹೊರಡುವುವು, ಗಾಬರಿಪಡಬೇಕಾದುದಿಲ್ಲ. ಆದರೂ ಬೆಂಕಿ ಆರಿಸುವ ಒಣಪುಡಿಯ ಸಿಲಿಂಡರೊಂದು ಕೈಗೆಟಕುವಂತಿರಬೇಕು. ಪೆಟ್ರೋಲಿನ ಬೆಂಕಿಗೆ ನೀರು ಹಾಕಬಾರದು.

ಈಗ ಆ ಆಷಾಢದ ಸಂಜೆಯ ಸಂಗತಿ. ಹೊರಗೆ ಜಡಿಮಳೆ ಸುರಿಯುತ್ತಿದ್ದುದರಿಂದ ಕಾರನ್ನು ಷೆಡ್ಡಿನೊಳಗೇ ನಿಲ್ಲಿಸಿ, ಇರಚಲು ಹೊಡೆಯದಂತೆ ಬಾಗಿಲನ್ನು ಮುಚ್ಚಿ ಎಂಜಿನ್ನನ್ನು ಓಡಿಸಿದೆನು. ಹನ್ನೆರಡು ವರ್ಷದ ಮಗನು ಕುತೂಹಲದಿಂದ ಒಳಗೆ ನೋಡುತ್ತ ನಿಂತಿದ್ದನು. ಸ್ಪ್ಯಾನರನ್ನು ತರಲೆಂದು ನಾನು ಮನೆಯೊಳಗೆ ಹೋದವನು, ದೂರವಾಣಿಯ ಕರೆಯೊಂದು ಬಂದು ಕಾಲುಗಂಟೆ ತಡಮಾಡಿದೆನು. ಸಂಜೆಯ ದೀಪ ಹಚ್ಚಿದ ತಾಯಿಯವರು “ಮಗು ಎಲ್ಲೋ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಷೆಡ್ಡಿಗೆ ನಡೆದು ಬಾಗಿಲನ್ನು ತೆರೆದರು. ಹುಡುಗನು ತಲೆಯನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದನು. ಎದ್ದು ನಿಲ್ಲಲು ಕಾಲು ಬಾರದು, ವಾಂತಿ ಬೇರೆ. ಹೊರಗೆ ಎತ್ತಿಕೊಂಡು ಬಂದು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಬಹಳ ಹೊತ್ತು ಆಮ್ಲಜನಕ ಕೊಟ್ಟರು. ಬೆಳಗಿನ ಹೊತ್ತಿಗೆ ಚೇತರಿಸಿಕೊಂಡನು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ವೈದ್ಯರು ಹೇಳಲು ತೊಡಗಿದ ಮಾತನ್ನು ತಾಯಿಯವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಅಪರಾಧಿ ಲೇಪದ ಹೊಗೆಯಲ್ಲ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ಪದಾರ್ಥಕ್ಕೆ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಿನ ಸೆಳೆತ ಈ ಅನಿಲದ ಮೇಲೆ. ಆದ್ದರಿಂದ ಗಾಳಿಯಲ್ಲಿ ಅತ್ಯಲ್ಪವಿದ್ದರೂ ಇದು ರಕ್ತದಲ್ಲಿ ತುಂಬಿಕೊಂಡು, ಉಸಿರಾಡುತ್ತಿರುವಾಗಲೇ ದೇಹವನ್ನು ಉಸಿರಿಲ್ಲದಂತೆ ಮಾಡುವುದು. ತಲೆನೋವು, ತಲೆಸುತ್ತು, ಓಕರಿಕೆ ಅದರ ಮೊದಲ ಗುರುತುಗಳು. ಆ ಮೇಲೆ ಮಂಪರು. ಮಂಪರಿನವನಿಗೆ ತಾನು ಅಪಾಯದಲ್ಲಿರುವೆನೆಂಬುದೇ ತಿಳಿಯದು. ಬಾಗಿಲು ತೆರೆದಿದ್ದರೂ ಷೆಡ್ಡಿನೊಳಗೆ ಎಂಜಿನ್ನನ್ನು ಓಡಿಸಬಾರದು. ಕಾರು ಬಯಲಿಗೆ ಬರಬೇಕು. ಮನೆಯ ಕಿಟಕಿಗಳ ಕಡೆಗೆ ಹೊಗೆ ಹೋಗದಂತೆ ನಿಲ್ಲಬೇಕು. ಮಳೆ ಬಂದರೆ ಕೆಲಸವನ್ನು ನಾಳೆಗೆ ಬಿಡಬೇಕು. ಈ ಲೇಖನದಲ್ಲಿ ಬೇರೆಲ್ಲವನ್ನೂ ವಾಚಕರು ಮರೆತರೂ ಚಿಂತೆಯಿಲ್ಲ, ಇದೊಂದನ್ನು ಮರೆಯಕೂಡದು.

ಲೇಪದಿಂದಾಗುವ ಪ್ರಯೋಜನ

ಎರಡನೆಯ ಬಾರಿಯ ಲೇಪಕ್ಕೆ ಈಗ ಎರಡು ವರ್ಷ ತುಂಬಿದೆ. ಎರಡು ಕಡೆ ಬೋಲ್ಟಿನ ಬಳಿ ಚಿಕ್ಕ ಚಕ್ಕೆ ಎದ್ದಿರುವುದನ್ನು ಬಿಟ್ಟರೆ ಮಿಕ್ಕ ಮೈಯೆಲ್ಲ ಹಾಗೆಯೇ ಇದೆ, ತುಕ್ಕು ನಿಂತಿದೆ. ಇದೇ ಇದರ ಮುಖ್ಯ ಲಾಭ. ಕಾವು ಎಷ್ಟು ತಗ್ಗುವುದೆಂದು ಕೇಳಿದರೆ, ಪ್ರಾಮಾಣಿಕವಾಗಿ ಹೇಳುವುದಾದರೆ, ಕೂದಲೆಳೆಯಷ್ಟು ದಪ್ಪದ ಪದರದಿಂದ ಮಹತ್ತಾದುದೇನನ್ನೂ ನಿರೀಕ್ಷಿಸಬಾರದು. ಬೆಳ್ಳಿಯ ಬಣ್ಣದ ಲೇಪವು ಕಪ್ಪು ಲೇಪಕ್ಕಿಂತ ಕಡಿಮೆ ಝಳವನ್ನು ಹೊರಸೂಸುವುದು ದಿಟ. ಥರ್ಮಾಸ್ ಫ್ಲಾಸ್ಕಿನ ಗಾಜಿಗೆ ಬೆಳ್ಳಿಯ ಕಲಾಯಿ ಮಾಡಿರುವುದೂ ಈ ತತ್ತ್ವದಿಂದಲೇ. ಆದರೆ ನಮ್ಮ ಕಾರು ಏರಿನಲ್ಲಿ ನಿಲ್ಲುವುದನ್ನು ತಪ್ಪಿಸಿದುದು ಲೇಪವೊಂದೇ ಅಲ್ಲ. ಕೊಳವೆಗೂ ಕಾರ್ಬ್ಯುರೇಟರಿಗೂ ನಡುವೆ ಸಾಬರು ಅಲ್ಯೂಮಿನಿಯಂ ತಗಡಿನ ಮರೆಯೊಂದನ್ನು ಕಟ್ಟಿದರು. ದೊಡ್ಡ ಪಾಲು ಅದರದೇ. ಕಾವನ್ನು ನಿಜವಾಗಿ ತಡೆಯುವ ದಪ್ಪ ಪಿಂಗಾಣಿ ಲೇಪಗಳೂ ಉಂಟು. ಅವನ್ನು ಕಾರ್ಖಾನೆಗಳಲ್ಲಿ ವಿಶೇಷ ಯಂತ್ರಗಳಿಂದ ಹಿಡಿಸುತ್ತಾರೆ.

ಹೊಸ ಕಾರುಗಳನ್ನಿಟ್ಟುಕೊಂಡವರಿಗೆ ಒಂದು ಮಾತು. ಅವುಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಸಾಧನವು ಅನೇಕ ಸಲ ಈ ಕೊಳವೆಗೇ ಸೇರಿಕೊಂಡಿರುವುದಲ್ಲದೆ, ಆಮ್ಲಜನಕವನ್ನು ಅಳೆಯುವ ಸೂಕ್ಷ್ಮ ಉಪಕರಣವೂ ಅಲ್ಲಿರುವುದು. ಅದಕ್ಕೆ ಲೇಪ ತಗುಲಿದರೆ ಕೆಡುವುದು. ಅಂತಹ ಕಾರಿನಲ್ಲಿ ಈ ಪ್ರಯೋಗವನ್ನು ಮಾಡದಿರುವುದೇ ಲೇಸು. ಇದು ಹಳೆಯ ಕಾರನ್ನು ಅಭಿಮಾನದಿಂದ ಉಳಿಸಿಕೊಂಡವರ ಕೆಲಸ.

ಹೋದ ವೈಶಾಖದಲ್ಲಿ ತಾಯಿಯವರನ್ನು ಮತ್ತೆ ಬೆಟ್ಟಕ್ಕೆ ಕರೆದುಕೊಂಡು ಹೋದೆನು. ಕಾರು ಎಲ್ಲಿಯೂ ನಿಲ್ಲಲಿಲ್ಲ. ದೇವಿಯ ದರ್ಶನವಾಗಿ ಹಿಂದಿರುಗುವಾಗ, “ಕಾರೇನೋ ಚೆನ್ನಾಯಿತಪ್ಪ, ಷೆಡ್ಡಿನ ಬಾಗಿಲನ್ನು ಕೀಳಿಸಿಬಿಡು” ಎಂದರು. ಆ ಬಾಗಿಲನ್ನು ಕೀಳಿಸಿದ್ದೇನೆ. ಈಗ ನಮ್ಮ ಷೆಡ್ಡಿಗೆ ಸೂರು ಮಾತ್ರ ಉಂಟು, ಬಾಗಿಲಿಲ್ಲ.